ಮೇಷ್ಟ್ರಾಗಲು ಹೊರಟವರು ಶಾಲೆಯ ಬೀದಿಯನ್ನೂ ಓದಬೇಕು

ಬಿ.ಇಡಿ. ಎರಡು ವರ್ಷದ ಕೋರ್ಸಾಗಿ ಹತ್ತು ವರ್ಷ ದಾಟಿತು. 2014ರಲ್ಲಿ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಹೊಸ ನಿಯಮಾವಳಿ ಹೊರಡಿಸಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಊಟದ ಬಿಡುವಿಗೆಲ್ಲ ಅದೇ ಮಾತು. ಒಂದು ವರ್ಷದಲ್ಲಿ ಬಾರದ ಕಸುಬು ಎರಡು ವರ್ಷಕ್ಕೆ ಬಂದೀತೇ ಎಂದು ಕೆಲವರು, ಬಡವರ ಮಕ್ಕಳಿಗೆ ಇನ್ನೊಂದು ವರ್ಷದ ಫೀಸು, ಹಾಸ್ಟೆಲಿನ ಹೊರೆ ಎಂದು ಇನ್ನು ಕೆಲವರು. ಎರಡು ಮಾತಿನಲ್ಲೂ ಹುರುಳಿತ್ತು. ಆದರೆ ಆ ನಿಯಮಾವಳಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ ಸಂಗತಿ. ಎರಡು ವರ್ಷದಲ್ಲಿ ಒಟ್ಟು 20 ವಾರ ಪ್ರಶಿಕ್ಷಣಾರ್ಥಿಗಳು, ಅಂದರೆ ಶಿಕ್ಷಕ ತರಬೇತಿಯಲ್ಲಿರುವವರು, ಶಾಲೆಯ ಒಡನಾಟದಲ್ಲಿರಬೇಕು. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಕಾಲೇಜಿನ ತರಗತಿಗಳಿಗೆ ಶೇ 80 ಹಾಜರಾತಿ ಸಾಕಾದರೆ ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಬೇಕು. ಈ ಕಸುಬನ್ನು ಶಾಲೆಯಲ್ಲಿದ್ದೇ ಕಲಿಯಬೇಕು ಎಂಬುದನ್ನು ಸರ್ಕಾರಿ ಕಾಗದವೇ ಒಪ್ಪಿಕೊಂಡಂತಾಯಿತು.

ಕಾಲಾವಕಾಶವೇನೋ ಸಿಕ್ಕಿತು. ಅದರಲ್ಲಿ ನಡೆಯುವುದೇನು ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹತ್ತಿರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವರ್ಷವರ್ಷವೂ ಬೇರೆ ಬೇರೆ ಕಾಲೇಜಿನಿಂದ ಬಿ.ಇಡಿ. ಮಕ್ಕಳು ಬರುತ್ತಾರೆ. ಬಂದ ದಿನವೇ ಅವರು ಕೇಳುವುದು, "ಮಿಸ್, ಯಾವ ಪಾಠ ಕೊಡ್ತೀರಾ? ಸೈನ್ ಯಾವಾಗ ಹಾಕ್ತೀರಾ?" ಅವರನ್ನು ದೂರಲಾರೆ. ಪಾಠ ಯೋಜನೆ, ಅವಲೋಕನ ಪುಸ್ತಕ, ಘಟಕ ಪರೀಕ್ಷೆಯ ನೀಲನಕ್ಷೆ, ನೈದಾನಿಕ ಪರೀಕ್ಷೆಯ ರೆಕಾರ್ಡು, ಚಾರ್ಟು, ಮಿಂಚುಪಟ್ಟಿ, ಇವೆಲ್ಲಕ್ಕೂ ಸಹಿ, ಸೀಲು ಬೀಳಬೇಕು. ರಾತ್ರಿ ಹನ್ನೊಂದರವರೆಗೆ ಸ್ಕೆಚ್ ಪೆನ್ನು ಹಿಡಿದು ಕೂತ ಹುಡುಗಿಯರು ಬೆಳಿಗ್ಗೆ ಎಂಟನೇ ತರಗತಿಗೆ ಹೋಗುವಾಗ ಅರ್ಧ ನಿದ್ದೆಯಲ್ಲಿರುತ್ತಾರೆ. ಇದರ ಜೊತೆಗೆ ಕಾಲೇಜಿನಲ್ಲಿ ಇನ್ನೆರಡು ಫೈಲುಗಳಿರುತ್ತವೆ. ಒಂದರಲ್ಲಿ 'ವೃತ್ತಿಪರ ಬೆಳವಣಿಗೆ': ಹೋದ ಸೆಮಿನಾರು, ವೆಬಿನಾರುಗಳ ಪ್ರಮಾಣಪತ್ರಗಳು. ಇನ್ನೊಂದರಲ್ಲಿ 'ಸಮುದಾಯ ಸೇವೆ': ಜಾಥಾ, ಗಿಡ ನೆಡುವುದು, ಪೌರತ್ವ ತರಬೇತಿ ಶಿಬಿರದ ಫೋಟೊಗಳು. ಎರಡೂ ಬೇರೆ ಬೇರೆ ಬಣ್ಣದ ಫೈಲು, ಬೇರೆ ಬೇರೆ ಅಂಕ.

ನನಗೆ ಅನ್ನಿಸುವುದಿಷ್ಟು: ಶಿಕ್ಷಕರ ಮಟ್ಟಿಗೆ ಇವೆರಡು ಬೇರೆಯಲ್ಲ. ಶಾಲೆಗೆ ಮಕ್ಕಳನ್ನು ಕಳಿಸುವ ಬೀದಿಯನ್ನು ಅರಿಯುತ್ತ ಹೋಗುವುದೇ ನಮ್ಮ ಕಸುಬಿನ ಬೆಳವಣಿಗೆಯ ದೊಡ್ಡ ಪಾಲು. ಇದನ್ನು ಬಿಡುವಿದ್ದಾಗ ಮಾಡುವ ಸಮಾಜಸೇವೆ ಎಂದು ಪಕ್ಕಕ್ಕಿಟ್ಟರೆ ಉಳಿಯುವುದು ಚಾರ್ಟು ಮಾತ್ರ.

ಇದನ್ನು ನಾನು ಕಂಡದ್ದು ಗಣಿತ ಮೆಥೆಡ್‌ನ, ಅಂದರೆ ಗಣಿತ ಕಲಿಸುವ ತರಬೇತಿ ಪಡೆಯುತ್ತಿದ್ದ, ಒಬ್ಬ ಪ್ರಶಿಕ್ಷಣಾರ್ಥಿಯಲ್ಲಿ. ತುಮಕೂರು ಕಡೆಯ ಹುಡುಗಿ, ಮಾತು ಕಡಿಮೆ. ಎಂಟನೇ ತರಗತಿಯಲ್ಲಿ ಮೊದಲ ಪೀರಿಯಡ್ಡು ಅವಳದು. ವಾರದ ಕೆಲವು ದಿನ ಒಂದಷ್ಟು ಮಕ್ಕಳು ಪ್ರಾರ್ಥನೆ ಮುಗಿದ ಮೇಲೆ ಏದುಸಿರು ಬಿಡುತ್ತ ಬರುತ್ತಿದ್ದರು. ತಡವಾಗಿ ಬಂದವರನ್ನು ಗೇಟಿನ ಬಳಿ ನಿಲ್ಲಿಸುವುದು ಹೆಚ್ಚಿನ ಶಾಲೆಗಳ ರೂಢಿ. ಅವಳು ಬೈಯಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. ತನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅಡ್ಡಗೆರೆ, ಉದ್ದಗೆರೆ ಎಳೆದು, ಯಾರು ಯಾವ ದಿನ ತಡ ಎಂದು ಗುರುತು ಹಾಕುತ್ತ ಹೋದಳು. ಒಂದು ಸಂಜೆ ಅದೇ ಮಕ್ಕಳ ಜೊತೆ ಅವರ ಬೀದಿಯವರೆಗೆ ನಡೆದು ಹೋಗಿ ಬಂದಳು. ಮಾರನೆಯ ದಿನ ನನಗೆ ಆ ಪುಟ ತೋರಿಸಿದಳು. ತಡವಾದ ದಿನಗಳ ನೆತ್ತಿಯ ಮೇಲೆಲ್ಲ ಪೆನ್ಸಿಲಿನಲ್ಲಿ ಒಂದೊಂದು ಸಣ್ಣ ಕೊಡದ ಚಿತ್ರವಿತ್ತು. ಆ ಬೀದಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಬೆಳಿಗ್ಗೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಅಷ್ಟು ಹೊತ್ತಿಗೆ ಮನೆ ಬಿಟ್ಟಿರುತ್ತಾರೆ. ಸಂಪು, ಡ್ರಮ್ಮು, ಬಿಂದಿಗೆ ತುಂಬುವ ಕೆಲಸ ಮನೆಯ ದೊಡ್ಡ ಮಗುವಿನದು. ನಮ್ಮಲ್ಲಿ ಅದು ಬಹುಪಾಲು ಹೆಣ್ಣುಮಗುವೇ.

ಇದರಲ್ಲಿ ದೊಡ್ಡ ಸಂಶೋಧನೆ ಏನಿದೆ ಎಂದು ಯಾರಾದರೂ ಕೇಳಬಹುದು. ನೀರಿನ ಕಷ್ಟ ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಗೊತ್ತಿರುವುದನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟು ನೋಡುವ ಕಣ್ಣು ಬೇರೆ. ಅವಳು ಅಲ್ಲಿಗೂ ನಿಲ್ಲಲಿಲ್ಲ. 'ದತ್ತಾಂಶಗಳ ನಿರ್ವಹಣೆ' ಪಾಠ ಬಂದಾಗ ಪಠ್ಯಪುಸ್ತಕದ ಲೆಕ್ಕದ ಜೊತೆಗೆ ನೀರಿನ ಲೆಕ್ಕವನ್ನೂ ಮಕ್ಕಳ ಕೈಗೆ ಕೊಟ್ಟಳು. ಯಾರ ಮನೆಯಲ್ಲಿ ಎಷ್ಟು ಬಿಂದಿಗೆ, ತುಂಬಲು ಎಷ್ಟು ನಿಮಿಷ, ಶುದ್ಧ ನೀರಿನ ಘಟಕದಿಂದ ಎಷ್ಟು ಕ್ಯಾನು. ಮಕ್ಕಳೇ ಸ್ತಂಭಾಲೇಖ ಬರೆದರು. ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು, "ನಮ್ ಕಂಬ ಎಲ್ರಿಗಿಂತ ಉದ್ದ ಐತೆ ಮಿಸ್, ನಮ್ಮನೇಲಿ ಏಳು ಜನ" ಎಂದಳು. ಸರಾಸರಿ ಎಂದರೇನು, ಸರಾಸರಿ ಏನನ್ನು ಮುಚ್ಚಿಡುತ್ತದೆ ಎಂಬ ಚರ್ಚೆ ಅಲ್ಲಿಂದ ತಾನಾಗಿಯೇ ಹುಟ್ಟಿತು. ಆ ವಾರ ಅವಳ ಪಾಠ ನೋಡಲು ಬಂದ ಕಾಲೇಜಿನ ಮೆಥೆಡ್ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ಪೆನ್ನು ಕೆಳಗಿಟ್ಟು ಕೇಳುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಎಚ್‌ಎಂ (ಮುಖ್ಯ ಶಿಕ್ಷಕರು) ಕೂಡ ಆ ಪುಟ ನೋಡಿದರು. ನೀರು ಬರುವ ದಿನ ಮೊದಲ ಪೀರಿಯಡ್ಡಿಗೆ ಹೊಸ ಪಾಠ ಶುರು ಮಾಡಬಾರದು, ಪುನರಾವರ್ತನೆ ಇಟ್ಟುಕೊಳ್ಳಬೇಕು ಎಂದು ತೀರ್ಮಾನವಾಯಿತು. ಗೇಟಿನ ಬಳಿ ನಿಲ್ಲಿಸುವುದೂ ನಿಂತಿತು.

ಇದನ್ನು ಯಾವ ಫೈಲಿಗೆ ಹಾಕುತ್ತೀರಿ? ವೃತ್ತಿಪರ ಬೆಳವಣಿಗೆಗೋ, ಸಮುದಾಯ ಸೇವೆಗೋ?

ಪೋಷಕರ ಸಭೆಯ ವಿಷಯವೂ ಹೀಗೆಯೇ. ಕರ್ನಾಟಕದಲ್ಲಿ ಎಸ್‌ಡಿಎಂಸಿಗಳು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, 2001ರಿಂದ ಇವೆ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ ಬಂದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ಬಿ.ಇಡಿ. ಪರೀಕ್ಷೆಯಲ್ಲಿ ಇದು ಗ್ಯಾರಂಟಿ ಪ್ರಶ್ನೆ, ಎಲ್ಲರಿಗೂ ಬಾಯಿಪಾಠ. ಆದರೆ ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಪೀಣ್ಯದ ಸುತ್ತಮುತ್ತ ಯಾವ ತಾಯಿ ಬಂದಾಳು? "ಪೋಷಕರಿಗೆ ಆಸಕ್ತಿಯಿಲ್ಲ" ಎಂಬ ವಾಕ್ಯವನ್ನು ನಾವು ಎಷ್ಟು ಸುಲಭವಾಗಿ ಬರೆದುಬಿಡುತ್ತೇವೆ.

ಕನ್ನಡ ಮೆಥೆಡ್‌ನ ಇಬ್ಬರು ಪ್ರಶಿಕ್ಷಣಾರ್ಥಿಗಳು ಒಂದು ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಬಸ್ ಸ್ಟಾಪಿನ ಹತ್ತಿರ ನಿಂತು, ನಮ್ಮ ಮಕ್ಕಳ ತಾಯಂದಿರನ್ನು ಮಾತಾಡಿಸಿದರು. ಮದ್ದೂರಿನ ಕಡೆಯ ಒಬ್ಬ ತಾಯಿ ಹೇಳಿದ್ದು: "ಬೆಳಿಗ್ಗೆ ಮೀಟಿಂಗು ಅಂದ್ರೆ ಹೆಂಗೆ ಬರದು ಮಿಸ್? ಒಂದಿನ ರಜ ಹಾಕಿದ್ರೆ ಸಂಬ್ಳ ಹೋಯ್ತದೆ, ಅಟೆಂಡೆನ್ಸ್ ಬೋನಸ್ಸೂ ಹೋಯ್ತದೆ. ಅರ್ಧ ದಿನ ಕೇಳಿದ್ರೆ ಸೂಪರ್‌ವೈಸರು ಲೈನಿನ ಮುಂದೆ ನಿಲ್ಲಿಸಿ ಬೈತಾರೆ." ಮುಂದಿನ ಸಭೆಯನ್ನು ಭಾನುವಾರ ಇಟ್ಟೆವು. ಬೆಂಚು ಸಾಲದೆ ಜಗಲಿಯಲ್ಲೂ ಜನ ಕೂತರು. ಅದೇ ತಾಯಿ ಮಗಳ ನೋಟ್‌ಬುಕ್ಕನ್ನು ತುಂಬ ಹೊತ್ತು ತಿರುವಿ ಹಾಕಿ, ನನ್ನ ಪಕ್ಕದಲ್ಲಿದ್ದ ಪ್ರಶಿಕ್ಷಣಾರ್ಥಿಯನ್ನು ಕೇಳಿದರು: "ಇದ್ರಲ್ಲಿ ಕೆಂಪು ಇಂಕು ಜಾಸ್ತಿ ಐತಲ್ಲ ಮಿಸ್, ಅದು ಒಳ್ಳೇದಾ, ಕೆಟ್ಟದ್ದಾ?" ಓದು ಬಾರದ ತಾಯಿ ಮಗಳ ಕಲಿಕೆಯನ್ನು ಬಣ್ಣದಿಂದ ಅಳೆಯಲು ನೋಡುತ್ತಿದ್ದರು. ಆ ಪ್ರಶಿಕ್ಷಣಾರ್ಥಿ ಮರುದಿನದಿಂದ ತಿದ್ದಿದ ಪ್ರತಿ ಪುಟದ ಕೊನೆಗೆ ಚೆನ್ನಾಗಿ ಬಂದದ್ದೇನು ಎಂದು ಒಂದು ಸಾಲು ಬರೆದು, ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳುವಂತೆ ಮಕ್ಕಳಿಗೆ ಹೇಳತೊಡಗಿದಳು. ಮೌಲ್ಯಮಾಪನದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಗೈಡಿನಲ್ಲೂ ಸಿಗಲಿಕ್ಕಿಲ್ಲ.

ನನ್ನ ವಿಷಯಕ್ಕೂ ಈ ಬೀದಿಯಿಂದ ಬಂದದ್ದು ಬಹಳ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯಲು ಕೇಂದ್ರ ತಂದ ನಿರ್ಬಂಧದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಯಲ್ಲೂ ಪೀಣ್ಯದ ಕಡೆಯೂ ರಸ್ತೆಗಿಳಿದರು. ಕೇಂದ್ರ ಆ ನಿಯಮವನ್ನು ಕೈಬಿಟ್ಟಿತು. ಕಾರ್ಮಿಕರ ಹಕ್ಕುಗಳ ಬಗ್ಗೆ ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿಗೆ ಇದು ಗೊತ್ತಿತ್ತು, ಮಕ್ಕಳನ್ನು ಕೇಳಿದ. "ನಮ್ಮಮ್ಮನೂ ಹೋಗಿದ್ರು ಸರ್" ಎಂದು ಮೂಲೆಯಿಂದ ಒಂದು ಧ್ವನಿ ಬಂತು. ದೂರದ ಚಿಕಾಗೊ, ಮೇ ದಿನ ಎಲ್ಲವೂ ಆಮೇಲೆ ಬಂದವು, ಬರಬೇಕಾದ ಜಾಗದಲ್ಲೇ ಬಂದವು.

ಈ ಮಾತು ಹೊಸದೇನಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಶಿಕ್ಷಕರ ತರಬೇತಿಯ ದೊಡ್ಡ ರೋಗ ಅದರ ಒಂಟಿತನ ಎಂದು ಗುರುತಿಸಿತ್ತು. ತರಬೇತಿ ಸಂಸ್ಥೆಗಳು ವಿಶ್ವವಿದ್ಯಾಲಯದಿಂದಲೂ ದೂರ, ಶಾಲೆಯಿಂದಲೂ ದೂರ, ಒಂದಕ್ಕೊಂದು ದೂರ. ಅದಕ್ಕೂ ಮುಂಚೆ 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯ ನಯೀ ತಾಲೀಮಿನ ಯೋಚನೆ ರೂಪ ಪಡೆದಾಗ ಊರಿನ ಬದುಕು, ಕಸುಬುಗಳೇ ಕಲಿಕೆಯ ನೆಲೆಯಾಗಿದ್ದವು. ನಮ್ಮ ರಾಜ್ಯದಲ್ಲೇ 90ರ ದಶಕದಲ್ಲಿ ಎಚ್.ಡಿ. ಕೋಟೆಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಮೊಳೆತದ್ದು ತಮ್ಮ ಮುಂದಿದ್ದ ಮಕ್ಕಳನ್ನು ಹತ್ತಿರದಿಂದ ನೋಡಿದ ಸರ್ಕಾರಿ ಶಾಲಾ ಶಿಕ್ಷಕರ ಕೈಯಲ್ಲಿ. ಇವನ್ನೆಲ್ಲ ನಾವು 'ಶಿಕ್ಷಣದ ತಾತ್ವಿಕ ತಳಹದಿ'ಯ ನೋಟ್ಸಿನಲ್ಲಿ ಬರೆದುಕೊಂಡು ಪರೀಕ್ಷೆ ಪಾಸಾದವರೇ.

ಕೊರೊನಾ ಕಾಲದಲ್ಲಿ ಇದರ ಬೆಲೆ ಎಲ್ಲರ ಮುಂದೆ ಬಯಲಾಯಿತು. 2020ರ ಆಗಸ್ಟಿನಲ್ಲಿ ಸರ್ಕಾರ ವಿದ್ಯಾಗಮ ಆರಂಭಿಸಿದಾಗ ಶಾಲೆಯೇ ಮಕ್ಕಳಿದ್ದಲ್ಲಿಗೆ ಹೋಗಬೇಕಾಯಿತು. ದೇವಸ್ಥಾನದ ಕಟ್ಟೆ, ಮರದ ನೆರಳು, ಯಾರದೋ ಮನೆಯ ಮುಂದಿನ ಜಗಲಿ. ಯಾವ ಮಗು ಯಾವ ವಠಾರದಲ್ಲಿದೆ, ಯಾರ ಮನೆಯಲ್ಲಿ ಫೋನಿದೆ, ಯಾರನ್ನು ಕೇಳಿದರೆ ಹತ್ತು ಮಕ್ಕಳು ಕೂರುವಷ್ಟು ಜಾಗ ಸಿಗುತ್ತದೆ ಎಂದು ಮೊದಲೇ ಬಲ್ಲ ಶಿಕ್ಷಕರು ಎರಡೇ ದಿನದಲ್ಲಿ ಗುಂಪು ಕಟ್ಟಿದರು. ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದು ನಿಂತಿತು, ನಿಲ್ಲಬೇಕಾದ್ದೇ. ಆದರೂ ಆ ಎರಡು ತಿಂಗಳು ಯಾವ ಶಿಕ್ಷಕರ ಬೇರು ಎಲ್ಲಿತ್ತು ಎಂಬುದನ್ನು ತೋರಿಸಿಬಿಟ್ಟವು.

ಇಷ್ಟು ಹೇಳಿ, ಇದರ ಇನ್ನೊಂದು ಮುಖವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸಮುದಾಯದ ಹೆಸರಿನಲ್ಲಿ ನಡೆಯುವ ಎಷ್ಟೋ ಕೆಲಸ ಸಮುದಾಯಕ್ಕೆ ಬೇಕಾಗಿರುವುದಿಲ್ಲ. ಬ್ಯಾನರ್ ಹಿಡಿದು ಒಂದು ದಿನ ಬೀದಿಗೆ ಬರುವುದು, ಆ ಬೀದಿಯ ಹೆಂಗಸರು ಆಗಲೇ ಗುಡಿಸಿದ ಜಾಗವನ್ನು ಫೋಟೊಗಾಗಿ ಮತ್ತೆ ಗುಡಿಸುವುದು, ಸ್ವಚ್ಛತೆಯ ಬಗ್ಗೆ ಭಾಷಣ ಮಾಡಿ ಮಧ್ಯಾಹ್ನ ಊಟ ಮುಗಿಸಿ ಹೊರಡುವುದು. ಇದರಿಂದ ಪ್ರಶಿಕ್ಷಣಾರ್ಥಿಗಳು ಕಲಿಯುವುದೊಂದೇ: ಈ ಜನ ನಮ್ಮಿಂದ ತಿದ್ದಿಸಿಕೊಳ್ಳಬೇಕಾದವರು ಎಂಬ ಭಾವನೆ. ಅದಕ್ಕಿಂತ ಅವರು ಕಾಲೇಜಿನಲ್ಲೇ ಕೂತಿರುವುದು ವಾಸಿ.

ಹಾಗಾಗಿ ನಮ್ಮ ಶಾಲೆಗೆ ಬರುವವರಿಗೆ ಕೆಲವು ಮಾತು ಕಡ್ಡಾಯವಾಗಿ ಹೇಳುತ್ತೇನೆ. ಮನೆಗೆ ಹೋಗುವುದಾದರೆ ಮಗುವಿನ ಜೊತೆ, ಮಗುವಿಗೆ ಇಷ್ಟವಿದ್ದರೆ ಮಾತ್ರ. ಇಬ್ಬಿಬ್ಬರಾಗಿ ಹೋಗಿ, ಕತ್ತಲಾಗುವ ಮುಂಚೆ ಬನ್ನಿ. ಜಾತಿ, ಆದಾಯ, ಅಪ್ಪ ಕುಡಿಯುತ್ತಾರಾ ಎಂಬ ಪ್ರಶ್ನೆಗಳ ಪಟ್ಟಿ ಹಿಡಿದು ಹೋಗಬೇಡಿ. ಮಕ್ಕಳ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಬೇಡಿ. ಕೊಡಿಸಲಾಗದ ಪುಸ್ತಕ, ಸ್ಕಾಲರ್‌ಶಿಪ್ಪುಗಳ ಮಾತು ಕೊಡಬೇಡಿ. ಕಾಫಿ ಕೊಟ್ಟರೆ ಕುಡಿಯಿರಿ. ಬೇಡವೆಂದರೆ ಅವರಿಗೆ ಬೇರೆಯೇ ಅರ್ಥವಾಗುತ್ತದೆ.

ಪುಸ್ತಕದಲ್ಲಿ ಓದಿದ ಕಾನೂನು ಬೀದಿಯಲ್ಲಿ ಜೀವ ತಳೆಯುವುದನ್ನೂ ನೋಡಿದ್ದೇನೆ. ನಮ್ಮ ಶಾಲೆಯಿಂದ ಸ್ವಲ್ಪ ದೂರದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಜಾಗದಲ್ಲಿ ನೀಲಿ ಟಾರ್ಪಾಲಿನ ಶೆಡ್ಡುಗಳಿದ್ದವು, ಬಹುಪಾಲು ಯಾದಗಿರಿ, ರಾಯಚೂರು ಕಡೆಯವರು. ಅದೇ ಸೀಮೆಯ ಒಬ್ಬ ಪ್ರಶಿಕ್ಷಣಾರ್ಥಿ ನಮ್ಮಲ್ಲಿದ್ದ. ಮರಳಿನ ರಾಶಿಯ ಮೇಲೆ ತಮ್ಮನನ್ನು ಆಡಿಸುತ್ತಿದ್ದ ಹುಡುಗನನ್ನು "ಯಾಕಪ್ಪ ತಮ್ಮಾ, ಸಾಲಿಗಿ ಹೋಗಂಗಿಲ್ಲೇನು?" ಎಂದು ಮಾತಿಗೆಳೆದ. ಅವರಪ್ಪ ಹೊರಬಂದು, "ಟಿಸಿ ಊರಾಗ ಅದರಿ ಸರ, ಆಧಾರ ಕಾರ್ಡ್ ಮಾಡಿಸಿಲ್ಲ, ಹ್ಯಾಂಗ ಸೇರಿಸ್ಕೊಂತಾರ?" ಎಂದರು. ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ, ಶಾಲೆಯಿಂದ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಈ ಸಾಲುಗಳನ್ನು ಅವನು ಹತ್ತು ಅಂಕದ ಉತ್ತರವಾಗಿ ಬರೆದಿದ್ದ. ಈಗ ಅವನ್ನು ಪಕ್ಕದ ಪ್ರಾಥಮಿಕ ಶಾಲೆಯ ಎಚ್‌ಎಂ ಮುಂದೆ, ಸಿಆರ್‌ಪಿ (ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ) ಮುಂದೆ ನಿಂತು ಹೇಳಬೇಕಾಯಿತು. ಹುಡುಗ ಸೇರಿದ. ಕಟ್ಟಡ ಮುಗಿದ ಮೇಲೆ ಆ ಕುಟುಂಬ ಎಲ್ಲಿಗೆ ಹೋಯಿತೋ. ಹೋದ ಕಡೆ ಕೊಡಲು ನಮ್ಮ ಕಡೆಯ ಟಿಸಿಯನ್ನಾದರೂ ತಾಯಿಯ ಕೈಗಿಟ್ಟು, ಇನ್ನೊಂದು ಪ್ರತಿಯ ಫೋಟೊ ಅಪ್ಪನ ಮೊಬೈಲಿನಲ್ಲಿ ಉಳಿಸಿ ಕಳಿಸಿದ್ದ ಅವನು.

ಇನ್ನು ವೃತ್ತಿಪರ ಬೆಳವಣಿಗೆ ಎಂಬ ಫೈಲಿನ ವಿಷಯ. ಲಿಂಕ್ ಒತ್ತಿ, ಹತ್ತು ಪ್ರಶ್ನೆಗೆ ಉತ್ತರಿಸಿದರೆ ಬಣ್ಣದ ಪ್ರಮಾಣಪತ್ರ ಬರುವ ಕ್ವಿಜ್‌ಗಳು ಈಗ ಲೆಕ್ಕವಿಲ್ಲದಷ್ಟು. ಅವನ್ನು ಗುಡ್ಡೆ ಹಾಕಿಕೊಳ್ಳುವ ಮಕ್ಕಳ ಆತಂಕ ನನಗೆ ಅರ್ಥವಾಗುತ್ತದೆ. ಕೆಲಸ ಸಿಗುವುದು ಅಷ್ಟು ಕಷ್ಟವಾಗಿದೆ. ಆದರೆ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯಾಗಲಿ, ನೇಮಕಾತಿಯಾಗಲಿ ಆ ಕಾಗದಗಳಿಂದ ಆಗುವುದಿಲ್ಲ. ತರಗತಿಯಂತೂ ಮೊದಲ ಐದು ನಿಮಿಷದಲ್ಲೇ ನಿಮ್ಮನ್ನು ಅಳೆದುಬಿಡುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಸೇವೆಯಲ್ಲಿರುವ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕು ಎನ್ನುತ್ತದೆ. ಆ 50 ಗಂಟೆಯನ್ನು ಯಾವುದರಿಂದ ತುಂಬುತ್ತೇವೆ ಎಂಬ ಅಭ್ಯಾಸ ಬಿ.ಇಡಿ.ಯಲ್ಲೇ ಬೀಳುತ್ತದೆ.

ತುಂಬಲು ಬೆಂಗಳೂರಿನಲ್ಲಿ ಏನು ಕಡಿಮೆಯಿದೆ? ಎಚ್. ನರಸಿಂಹಯ್ಯನವರು 1962ರಲ್ಲಿ ಹುಟ್ಟುಹಾಕಿದ ಬೆಂಗಳೂರು ವಿಜ್ಞಾನ ವೇದಿಕೆ ದಶಕಗಳ ಕಾಲ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರದ ಉಪನ್ಯಾಸಗಳನ್ನು, ಜುಲೈ ತಿಂಗಳಲ್ಲಿ ವಿಜ್ಞಾನೋತ್ಸವವನ್ನು ನಡೆಸಿಕೊಂಡು ಬಂದಿತು. ಯಾರು ಬೇಕಾದರೂ ಹೋಗಿ ಕೂರಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಆದರೂ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕಿ, ಹೈಸ್ಕೂಲು ಹುಡುಗರ ಪ್ರಶ್ನೆಗೂ ಅಷ್ಟೇ ಗೌರವ ಕೊಟ್ಟವರು. ವೃತ್ತಿ ಮತ್ತು ಸಮುದಾಯ ಒಂದೇ ಜೀವದಲ್ಲಿ ಹೇಗೆ ಬೆರೆತಿರುತ್ತವೆ ಎಂಬುದಕ್ಕೆ ಈ ಊರಿನಲ್ಲೇ ಇದ್ದ ಮಾದರಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರು ತಾರಾಲಯ, ಬನಶಂಕರಿಯ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಇವೆಲ್ಲ ಒಂದೊಂದು ಬಸ್ಸಿನ ದೂರ. ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯು ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ ಕಟ್ಟಿದ ವಿಷಯ ಶಿಕ್ಷಕರ ವೇದಿಕೆಯಿಂದ ಕನ್ನಡದಲ್ಲೇ ಮುಕ್ತ ಕಲಿಕಾ ಸಾಮಗ್ರಿ ಬೆಳೆಯಿತು. ಬೀದರಿನ ಗಣಿತ ಮೇಷ್ಟ್ರು ಬರೆದದ್ದನ್ನು ಆನೇಕಲ್ಲಿನ ಟೀಚರು ತಿದ್ದುವಂಥ ಅವಕಾಶ. ಪ್ರಶಿಕ್ಷಣಾರ್ಥಿಗಳು ಇಂಥದನ್ನು ಓದಿದರೆ ಸಾಲದು, ತಮ್ಮ ಒಂದು ಪಾಠವನ್ನಾದರೂ ಬರೆದು ಬೇರೆಯವರಿಂದ ತಿದ್ದಿಸಿಕೊಳ್ಳಬೇಕು.

ಎಲ್ಲಕ್ಕಿಂತ ಹತ್ತಿರದ್ದು ನಮ್ಮ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ. ಅಲ್ಲಿ ಎಲ್ಲವೂ ಚೆನ್ನಾಗಿರುತ್ತದೆ ಎಂದು ನಾನು ಹೇಳುವುದಿಲ್ಲ. ಎಷ್ಟೋ ಸಲ ಮಾಹಿತಿ ಸಂಗ್ರಹಣೆ, ಸ್ಯಾಟ್ಸ್ (ವಿದ್ಯಾರ್ಥಿಗಳ ಮಾಹಿತಿಯ ಆನ್‌ಲೈನ್ ದಾಖಲೆ) ಎಂಟ್ರಿ, ಸುತ್ತೋಲೆಗಳಲ್ಲೇ ಸಮಯ ಮುಗಿಯುತ್ತದೆ. ಆದರೂ ನಡುವೆ ಒಬ್ಬ ಹಿರಿಯ ಮೇಷ್ಟ್ರು ಭಿನ್ನರಾಶಿಯನ್ನು ಕಾಗದ ಮಡಚಿ ತೋರಿಸುತ್ತಾರೆ, ಇನ್ನೊಬ್ಬ ಟೀಚರು ಮನೆಯಲ್ಲಿ ಉರ್ದು, ತಮಿಳು, ತೆಲುಗು, ನೇಪಾಳಿ ಆಡುವ ಮಕ್ಕಳಿಗೆ ಕನ್ನಡ ಓದಿಸಿದ ಬಗೆ ಹೇಳುತ್ತಾರೆ. ಬೆಂಗಳೂರಿನ ಸರ್ಕಾರಿ ಶಾಲೆಯ ಒಂದೇ ಕೋಣೆಯಲ್ಲಿ ಇರುವಷ್ಟು ಭಾಷೆ ಎಷ್ಟೋ ಜಿಲ್ಲೆಗಳಲ್ಲಿಲ್ಲ. ಈ ಅನುಭವವನ್ನು ಬಿ.ಇಡಿ. ಮಕ್ಕಳು ಕೇಳಿಸಿಕೊಳ್ಳದೆ ಹೋದರೆ ಅದು ನಮ್ಮ ನಿವೃತ್ತಿಯ ಜೊತೆಗೇ ಮನೆಗೆ ಹೋಗುತ್ತದೆ.

ಇದಕ್ಕೆಲ್ಲ ಸಮಯವೆಲ್ಲಿ? ನ್ಯಾಯವಾದ ಪ್ರಶ್ನೆ. ನನ್ನ ಬಳಿ ಬರುವವರಲ್ಲಿ ಸಂಜೆ ಟ್ಯೂಷನ್ ಹೇಳಿ ಫೀಸು ಕಟ್ಟಿಕೊಳ್ಳುವವರಿದ್ದಾರೆ, ಬಂಗಾರಪೇಟೆಯಿಂದ, ತುಮಕೂರಿನಿಂದ ದಿನಾ ರೈಲಿನಲ್ಲಿ ಓಡಾಡುವವರಿದ್ದಾರೆ, ಮಗುವನ್ನು ಅತ್ತೆಯ ಬಳಿ ಬಿಟ್ಟು ಬರುವ ತಾಯಂದಿರಿದ್ದಾರೆ. ಇವರಿಗೆ ಇನ್ನೂ ಒಂದು ಕೆಲಸ ಹೇರಿ ಅದಕ್ಕೆ ಸೇವೆ ಎಂದು ಹೆಸರಿಡುವುದು ಅನ್ಯಾಯ. ಬೀದಿಯ ಒಡನಾಟ ಟೈಮ್‌ಟೇಬಲ್ಲಿನ ಒಳಗೇ ಬರಬೇಕು, ಬೇರೆ ಏನನ್ನಾದರೂ ಕಡಿಮೆ ಮಾಡಿ ಬರಬೇಕು. ಒಂದೇ ಪಾಠ ಯೋಜನೆಯನ್ನು ಹಾಳೆ ಬದಲಿಸಿ ಹತ್ತು ಸಲ ಬರೆಯಿಸುವುದನ್ನು ಬಿಟ್ಟರೆ ಬೇಕಾದಷ್ಟು ಸಮಯ ಸಿಗುತ್ತದೆ. ಶನಿವಾರ ಶಾಲೆ ಬೆಳಗಿನದು. ಆ ಮಧ್ಯಾಹ್ನವನ್ನು ಕಾಲೇಜುಗಳು ಬಿಟ್ಟುಕೊಡಬಹುದು. ಮೊದಲ ವರ್ಷದ 4 ವಾರಕ್ಕೆ ಒಂದು ಶಾಲೆ, ಎರಡನೇ ವರ್ಷದ 16 ವಾರಕ್ಕೆ ಊರಿನ ಇನ್ನೊಂದು ತುದಿಯ ಶಾಲೆ ಎಂದು ಹಂಚುವ ಬದಲು ಒಂದೇ ಶಾಲೆಗೆ ಕಳಿಸಿದರೆ ಮಕ್ಕಳ ಹೆಸರು, ಮನೆ, ಮುಖಗಳು ಮನಸ್ಸಿನಲ್ಲಿ ನೆಲೆಯೂರುತ್ತವೆ.

ಕಾಲೇಜುಗಳು ಒಪ್ಪುತ್ತವೆಯೇ? ಕೆಲವು ಖಂಡಿತ ಒಪ್ಪುತ್ತವೆ. ತಮ್ಮ ಮಕ್ಕಳನ್ನು ನೋಡಲು ಎರಡು ಬಸ್ ಬದಲಿಸಿ ಬರುವ ಉಪನ್ಯಾಸಕರನ್ನು ನಾನು ಬಲ್ಲೆ. ಆದರೆ ಬೇರೆ ಸತ್ಯವೂ ಇದೆ. ಸುಪ್ರೀಂ ಕೋರ್ಟ್ ರಚಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ವರದಿಯನ್ನು ಉಲ್ಲೇಖಿಸಿ, ಶಿಕ್ಷಕರ ತರಬೇತಿಯನ್ನಷ್ಟೇ ನಡೆಸುವ 10,000ಕ್ಕೂ ಹೆಚ್ಚು ಸಂಸ್ಥೆಗಳಲ್ಲಿ ಬಹುಪಾಲು ಹಣಕ್ಕೆ ಪದವಿ ಮಾರುತ್ತಿವೆ ಎಂದು 2020ರ ಶಿಕ್ಷಣ ನೀತಿಯೇ ಬರೆದಿದೆ. ಕಾಲೇಜಿನ ಮುಖ ನೋಡದೆ ಪ್ರಮಾಣಪತ್ರ ಪಡೆದವರು ನಾಳೆ ಯಾರದೋ ಮಗುವಿನ ಮುಂದೆ ನಿಲ್ಲುತ್ತಾರೆ ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪಿಯುಸಿ ಮುಗಿಸಿ ನೇರವಾಗಿ ಸೇರುವ ನಾಲ್ಕು ವರ್ಷದ ಸಂಯೋಜಿತ ಕೋರ್ಸು ಮುಂದೆ ಎಲ್ಲೆಡೆ ಬರಲಿದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಅರವತ್ತರ ದಶಕದಿಂದಲೇ ಅಂಥ ಕೋರ್ಸು ನಡೆದುಬಂದಿರುವುದರಿಂದ ನಮಗೆ ಇದು ಅಪರಿಚಿತವೂ ಅಲ್ಲ. ನಾಲ್ಕು ವರ್ಷವೂ ಫೈಲುಗಳಲ್ಲೇ ಕಳೆದರೆ ಮಾತ್ರ ಒಂದು ವರ್ಷದ ಹಳೇ ಬಿ.ಇಡಿ.ಗೂ ಅದಕ್ಕೂ ಏನು ವ್ಯತ್ಯಾಸ ಉಳಿದೀತು, ನನಗೆ ಕಾಣದು.

ಮುಂದಿನ ಬ್ಯಾಚಿಗಾಗಿ ನಾನೂ ಎಚ್‌ಎಂ ಸರ್ರೂ ಕೂತು ಒಂದು ಪುಟದ ಪಟ್ಟಿ ಮಾಡಿಟ್ಟಿದ್ದೇವೆ. ಎಸ್‌ಡಿಎಂಸಿ ಅಧ್ಯಕ್ಷೆ ಮನೆಯಲ್ಲಿ ಸಿಗುವ ಹೊತ್ತು, ಯಾವ ಬೀದಿಗೆ ಯಾವ ದಿನ ನೀರು, ಗಾರ್ಮೆಂಟ್ಸ್ ಶಿಫ್ಟ್ ಬಿಡುವ ಸಮಯ, ಅಂಗನವಾಡಿ ಎಲ್ಲಿದೆ, ಬಿಸಿಯೂಟದ ಅಡುಗೆಯವರಲ್ಲಿ ಯಾರ ಮಕ್ಕಳು ನಮ್ಮಲ್ಲೇ ಓದುತ್ತಿದ್ದಾರೆ, ಕ್ಲಸ್ಟರ್ ಸಭೆ ಯಾವತ್ತು. ಮೊದಲ ವಾರ ಅವರು ಈ ಪಟ್ಟಿ ಹಿಡಿದು ಓಡಾಡಬೇಕು, ನಾವು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಬೇಕು, ಬಿಟ್ಟದ್ದನ್ನು ಸೇರಿಸಬೇಕು. ಸಂಜೆ ನಾಲ್ಕೂವರೆಗೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೂತು ಕಂಡದ್ದನ್ನು ಹೇಳಬೇಕು. ಪಾಠ ಎರಡನೇ ವಾರದಿಂದ. ಮೂರು ಕಾಲೇಜಿನ ಪ್ರಾಂಶುಪಾಲರಿಗೆ ಪತ್ರ ಹೋಗಿದೆ. ಒಬ್ಬರು ಫೋನ್ ಮಾಡಿ ಒಪ್ಪಿದ್ದಾರೆ, ಉಳಿದಿಬ್ಬರನ್ನು ಈ ಶನಿವಾರ ನಾನೇ ಹೋಗಿ ಕಾಣುತ್ತೇನೆ.